60ಕ್ಕೆ 80 ತೋರಿಸಿದ ಮೀಟರು: ಒಂದು ಹಳೆಯ ಬುಲೆಟ್ಟಿನ ಡಯಲ್ ಬದಲಿಸಿದ ಪ್ರಕರಣ

ಗಾಡಿ 1980ರ ದಶಕದ 350 ಸಿಸಿ ಬುಲೆಟ್. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಬೆಳಗಾವಿಯಿಂದ ಒಂದು ತಾಸಿನ ದಾರಿಯ ಹಳ್ಳಿಯ ರೈತರೊಬ್ಬರದು. ಅವರನ್ನು ಇಲ್ಲಿ ಯಜಮಾನರು ಎಂದಷ್ಟೇ ಕರೆಯುತ್ತೇನೆ. ಅವರ ಮಗನಿಗೂ ಹೆಸರು ಕೊಟ್ಟಿಲ್ಲ. ಗಾಡಿ ನಂಬರು, ಊರು ಯಾವುದನ್ನೂ ಬರೆದಿಲ್ಲ. ಬರೆಯಲು ಇಬ್ಬರದೂ ಒಪ್ಪಿಗೆ ಇದೆ. ಮಗ ಮಾತ್ರ "ನಾ ಥಿನ್ನರ್ ಹಚ್ಚಿದ್ದ ಬರೀಬ್ಯಾಡ್ರಿ ಅಣ್ಣಾ" ಅಂದಿದ್ದ. ಥಿನ್ನರ್ ಅಂದರೆ ಬಣ್ಣ ಕರಗಿಸುವ ದ್ರವ. ಅದನ್ನು ಬರೆಯದೆ ಬಿಟ್ಟರೆ ಈ ಕಥೆಯೇ ಇಲ್ಲ ಅಂತ ಹೇಳಿ ಒಪ್ಪಿಸಿದೆ.

ನಾನು ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ರವಿವಾರ ಮನೆಯಲ್ಲಿ ಹಳೆಯ ಗಾಡಿಗಳ ವೇಗ ತೋರಿಸುವ ಮೀಟರು ಬಿಚ್ಚಿ ಸರಿ ಮಾಡುವುದು ಹುಚ್ಚು ಅನ್ನಿ, ಹವ್ಯಾಸ ಅನ್ನಿ.

ಹಿನ್ನೆಲೆ

ಈ ಬುಲೆಟ್ಟಿನ ಹೆಡ್‌ಲೈಟ್ ತಲೆಯ ಮೇಲೇ ಮೀಟರು ಕೂತಿರುತ್ತದೆ. ಜೊತೆಗೆ ಕರೆಂಟು ತೋರಿಸುವ ಚಿಕ್ಕ ಆಮ್‌ಮೀಟರು, ಅಕ್ಕಪಕ್ಕ ಎರಡು ಪುಟ್ಟ ಟೈಗರ್ ಲ್ಯಾಂಪು. ನೋಡಲು ಚೆಂದ. ಆದರೆ ಆಕಾಶಕ್ಕೆ ಮುಖ ಮಾಡಿ ಕೂತಿರುವುದರಿಂದ ಬಿಸಿಲೂ ಅದಕ್ಕೇ, ಮಳೆಯೂ ಅದಕ್ಕೇ. ಬೆಳಗಾವಿ ಕಡೆಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ದಸರಾ ಹತ್ತಿರ ಬರುವ ತನಕ ಬಿಡುವುದಿಲ್ಲ. ಈ ಗಾಡಿಯ ಮೀಟರಿನ ಗಾಜು ಪ್ರತಿ ಮಳೆಗಾಲ ಒಳಗಿನಿಂದ ಮಂಜು ಹಿಡಿಯುತ್ತಿತ್ತು. ಬೇಸಿಗೆಗೆ ಒಣಗುತ್ತಿತ್ತು. ಹೀಗೇ ಮೂವತ್ತು ವರ್ಷದ ಮೇಲೆ ಕಳೆದು, ಕಪ್ಪು ಡಯಲ್, ಅಂದರೆ ಅಂಕಿ ಬರೆದ ತಗಡು, ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಳಿ ಅಂಕಿಗಳು ಅಲ್ಲಲ್ಲಿ ಹಕ್ಕಳೆ ಎದ್ದಿದ್ದವು.

ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಗಾಡಿಯನ್ನು ಹೊಸದರಂತೆ ಮಾಡಿಕೊಡೋಣ ಅಂತ ಮಗನಿಗೆ ಆಸೆ. ಟ್ಯಾಂಕಿಗೆ ಬಣ್ಣ ಆಯ್ತು, ಸೀಟು ಆಯ್ತು, ಸೈಲೆನ್ಸರ್ ಹೊಳೆಯಿತು. ಉಳಿದದ್ದು ಮೀಟರು. ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಬಿಚ್ಚಿದ.

ಏನಾಗಿತ್ತು

ಮೂರು ಕೆಲಸ ಮಾಡಿದ್ದ, ಮೂರೂ ಒಂದರ ಮೇಲೊಂದು ಕೂತಿದ್ದವು. ಮೊದಲು ಮುಳ್ಳನ್ನು ಸ್ಕ್ರೂಡ್ರೈವರಿನಿಂದ ಒಂದೇ ಬದಿಗೆ ಮೀಟಿ ಕಿತ್ತಿದ್ದ. ಎಲ್ಲಿ ನಿಂತಿತ್ತು ಅಂತ ಗುರುತು ಹಾಕಿರಲಿಲ್ಲ. ಆಮೇಲೆ ಡಯಲ್ ಸ್ವಚ್ಛ ಮಾಡಲು ಥಿನ್ನರ್ ಹಚ್ಚಿದ. ಕೊಳೆಯ ಜೊತೆ ಅಂಕಿಗಳೂ ಬಟ್ಟೆಗೆ ಬಂದವು. ಗಾಬರಿಯಾಗಿ ಆನ್‌ಲೈನಿನಲ್ಲಿ ಒಂದು ಡಯಲ್ ಸ್ಟಿಕ್ಕರ್ ತರಿಸಿ ಅಂಟಿಸಿದ. ಮುಳ್ಳನ್ನು ಸೊನ್ನೆಗೆ ಒತ್ತಿದ. ಗಾಜು ಹಿಡಿದಿಡುವ ರಿಂಗ್ ಮಡಚಿ ಮುಚ್ಚಿದ.

ನೋಡಲು ಬಹಳ ಚೆನ್ನಾಗಿತ್ತು. ಅದರಲ್ಲಿ ಸುಳ್ಳಿಲ್ಲ.

ಯಜಮಾನರು ಗಾಡಿ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದಾಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಗಾಡಿ ಈಗ ಭಾಳ ಜೋರ ಓಡಾಕತ್ತೈತಿ ನೋಡ ತಮ್ಮಾ. ಎಂಬತ್ತ ತೋರಸ್ತೈತಿ. ಆದ್ರ ಹಿಂದ ಬರೂ ಟೆಂಪೋದವರು ಸರಿ ಸರಿ ಅಂತ ಹಾರನ್ ಹೊಡೀತಾರ."

ನಾನು ಫೋನಿನ ಜಿಪಿಎಸ್ ಹಚ್ಚಿಕೊಂಡು ಒಂದು ಸುತ್ತು ಹೊಡೆದೆ. ಫೋನು 40 ಅಂದಾಗ ಮೀಟರು 50 ದಾಟಿತ್ತು. ಫೋನು 60 ಅಂದಾಗ ಮೀಟರು 80. ಕಾರಣ ಕಣ್ಣಿಗೆ ಕಾಣುವಷ್ಟು ಸುಲಭ. ಮಗನ ಫೋನಿನಲ್ಲಿ ಹಳೆಯ ಡಯಲ್‌ನ ಒಂದು ಮಸುಕು ಫೋಟೋ ಇತ್ತು. ಅದರಲ್ಲಿ ಕೊನೆಯ ಅಂಕಿ 120. ಸ್ಟಿಕ್ಕರಿನಲ್ಲಿ ಕೊನೆಯ ಅಂಕಿ 160. ಎರಡೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಶುರುವಾಗಿ ಅದೇ ಜಾಗದಲ್ಲಿ ಮುಗಿಯುತ್ತವೆ. ಮುಳ್ಳು ಮೊದಲಿನಷ್ಟೇ ತಿರುಗುತ್ತಿದೆ. ಅದರ ಕೆಳಗಿನ ಅಂಕಿ ಬೇರೆಯಾಗಿದೆ ಅಷ್ಟೇ. ಮೂರಕ್ಕೆ ನಾಲ್ಕು ಲೆಕ್ಕ.

ಇದರ ಜೊತೆ ಇನ್ನೊಂದು ಕಾಟ. ಸ್ಟಿಕ್ಕರಿನ ಒಂದು ಕಡೆ ಗುಳ್ಳೆ ಎದ್ದು ಮುಳ್ಳಿಗೆ ತಾಗುತ್ತಿತ್ತು. ಗಾಡಿ ನಿಂತ ಮೇಲೂ ಮುಳ್ಳು 20ರ ಹತ್ತಿರ ಸಿಕ್ಕಿಕೊಂಡಿರುತ್ತಿತ್ತು. ಬೆರಳಿನಿಂದ ಗಾಜು ಕುಟ್ಟಿದರೆ ಕೆಳಗಿಳಿಯುತ್ತಿತ್ತು.

ಯಾವ ದಾರಿ?

ಎಲ್ಲಕ್ಕಿಂತ ಸುಲಭ, ಇಡೀ ಮೀಟರನ್ನೇ ಬದಲಿಸುವುದು. ಹೊಸ ಮೀಟರು ಸಿಗುತ್ತದೆ, ಅರ್ಧ ತಾಸಿನ ಕೆಲಸ. ಬೇರೆ ಯಾರಾದರೂ ಬಂದಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ಮೀಟರು ಬದಲಿಸಿದರೆ ಓಡಿದ ಕಿಲೋಮೀಟರಿನ ಲೆಕ್ಕ ಹೋಗುತ್ತದೆ. ಯಜಮಾನರಿಗೆ ಅದು ಬೇಡವಾಗಿತ್ತು.

ಮಗ ನಡುವೆ ಬಾಯಿ ಹಾಕಿದ. "ಹೆಂಗೂ ಬಿಚ್ಚಾಕತ್ತೀರಿ, ಲೆಕ್ಕಾನೂ ಸೊನ್ನೆ ಮಾಡಿಬಿಡ್ರಿ ಅಣ್ಣಾ. ಹೊಸಾದು ಕಂಡಂಗ ಆಗತೈತಿ."

ಅಪ್ಪ ಅವನ ಮುಖ ನೋಡಿದರು. "ಯಾಕ? ನಾ ಓಡಿಸಿದ್ದೆಲ್ಲಾ ಸುಳ್ಳೇನ?"

ಅಲ್ಲಿಗೆ ಆ ಮಾತು ಮುಗಿಯಿತು. ನಾನೂ ಕಿಲೋಮೀಟರ್ ಎಣಿಸುವ ಓಡೊಮೀಟರಿನ ಚಕ್ರ ಮುಟ್ಟುವುದಿಲ್ಲ ಅಂತ ಮೊದಲಿನಿಂದ ಇಟ್ಟುಕೊಂಡಿದ್ದೇನೆ. ಡಯಲ್ ಬದಲಿಸುವುದು ರಿಪೇರಿ. ಲೆಕ್ಕ ತಿರುಗಿಸುವುದು ಮುಂದೆ ಗಾಡಿ ಕೊಳ್ಳುವವನಿಗೆ ಮಾಡುವ ಮೋಸ. ಹಾಗಂತ ಮೀಟರು ಸುಮ್ನೆ ಬಿಚ್ಚಿಟ್ಟು ಓಡಾಡುವ ಹಾಗೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಯಲ್ಲಿ ವೇಗ ತೋರಿಸುವ ಮೀಟರು ಇರಬೇಕು. ಈ ಸ್ಟಿಕ್ಕರಿನ ಮೀಟರು ಇದ್ದೂ ಇಲ್ಲದಂತೆ.

ಇನ್ನೊಂದು ಸ್ಟಿಕ್ಕರ್ ತರಿಸಬಹುದಿತ್ತು, 120ರದ್ದು. ಆದರೆ ಅಂಕಿಗಳ ನಡುವಿನ ಅಂತರ ನಮ್ಮ ಮೀಟರಿಗೆ ಕೂಡಿ ಬರುತ್ತದೆ ಅಂತ ಯಾರು ಹೇಳಬೇಕು? ಸ್ಟಿಕ್ಕರ್ ಮಾರುವವರಿಗೆ ನಮ್ಮ ಮೀಟರಿನ ಒಳಗಿನ ಸ್ಪ್ರಿಂಗು ಗೊತ್ತಿಲ್ಲ. ಹಾಗಾಗಿ ನಮ್ಮ ಮೀಟರನ್ನೇ ಕೇಳಿ ಡಯಲ್ ಮಾಡಬೇಕು ಅಂತ ತೀರ್ಮಾನಿಸಿದೆ.

ಇದಕ್ಕೆ ಒಳಗಿನ ಕೆಲಸ ತಿಳಿದಿರಬೇಕು. ಮುಂದಿನ ಚಕ್ರದಿಂದ ಬರುವ ಕೇಬಲ್ ಮೀಟರಿನೊಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು, ಸ್ವಲ್ಪವೂ ತಾಗದಂತೆ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಹುಟ್ಟಿ, ಆಯಸ್ಕಾಂತ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆ ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು, ಬಟ್ಟಲಿಗೆ ಸೇರಿದ ಮುಳ್ಳು ಅಷ್ಟು ಮುಂದೆ. ಓಡೊಮೀಟರಿಗೆ ಇದರ ಸಂಬಂಧವಿಲ್ಲ. ಅದು ಹಲ್ಲಿನ ಗೇರು. ಅದಕ್ಕೇ ವೇಗ ಸುಳ್ಳಾದರೂ ಕಿಲೋಮೀಟರಿನ ಲೆಕ್ಕ ಸರಿಯಾಗೇ ಇತ್ತು.

ಮಗ ಎಡವಿದ್ದು ಇಲ್ಲೇ. ಡಯಲ್ ಮೇಲೆ ಸೊನ್ನೆಯ ಹತ್ತಿರ ಒಂದು ಚಿಕ್ಕ ತಡೆಗಡ್ಡಿ ಇರುತ್ತದೆ. ಮುಳ್ಳು ಅದಕ್ಕೆ ಒರಗಿ ನಿಂತಿರುತ್ತದೆ. ಹಾಗಂತ ಸ್ಪ್ರಿಂಗಿನ ನಿಜವಾದ ಸೊನ್ನೆ ಅದಲ್ಲ. ಸಾಮಾನ್ಯವಾಗಿ ಸ್ಪ್ರಿಂಗು ಮುಳ್ಳನ್ನು ತಡೆಗಡ್ಡಿಗಿಂತಲೂ ಕೆಳಗೆ ಎಳೆಯುತ್ತಿರುತ್ತದೆ. ಆದ್ದರಿಂದ ಕೀಳುವ ಮೊದಲು ಮುಳ್ಳನ್ನು ತಡೆಗಡ್ಡಿಯ ಮೇಲೆ ಎತ್ತಿ ದಾಟಿಸಿ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಪೆನ್ಸಿಲ್ ಗುರುತು ಹಾಕಬೇಕು. ಈ ಒಂದು ಗೆರೆ ಇದ್ದಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು.

ಸವರಿದ ಡಯಲ್ ಮಾತಾಡಿತು

ಮೊದಲು ಬ್ಯಾಟರಿ ತಂತಿ ಕಳಚಿದೆ. ಆಮ್‌ಮೀಟರಿನ ತಂತಿ ಹೆಡ್‌ಲೈಟ್ ತಲೆಗೆ ತಾಗಿದರೆ ಕ್ಷಣದಲ್ಲಿ ಹೊಗೆ ಬರುತ್ತದೆ, ಒಮ್ಮೆ ಅನುಭವಿಸಿದ್ದೇನೆ. ಮೀಟರಿನ ರಿಂಗನ್ನು ಒಂದು ಕಡೆಯಿಂದ ಎಬ್ಬಿಸಬಾರದು. ಸುತ್ತಲೂ ಸ್ವಲ್ಪ ಸ್ವಲ್ಪವೇ, ರೊಟ್ಟಿಯ ಅಂಚು ಬಿಡಿಸಿದ ಹಾಗೆ. ಇದು ಒಮ್ಮೆ ಬಿಚ್ಚಿ ಮಡಚಿದ ರಿಂಗು, ಎರಡು ಕಡೆ ಆಗಲೇ ಸೀಳಿತ್ತು. ಮುಳ್ಳು ಕೀಳಲು ಡಯಲ್ ಮೇಲೆ ದಪ್ಪ ಕಾಗದ ಇಟ್ಟು, ಎದುರುಬದುರು ಎರಡು ಟೀ ಚಮಚ ಹಾಕಿ ಒಟ್ಟಿಗೆ ಮೀಟಿದೆ. ನೇರವಾಗಿ ಮೇಲೆ ಬಂತು. ಮುಳ್ಳು ಕೂರುವ ಕಡ್ಡಿ ಬಾಗಿರಲಿಲ್ಲ. ಆ ಹುಡುಗನ ಅದೃಷ್ಟ ದೊಡ್ಡದು.

ಸ್ಟಿಕ್ಕರನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಸುಲಿದೆ. ಅಂಟಿಗೆ ನೀಲಗಿರಿ ಎಣ್ಣೆ. ಇನ್ನೊಮ್ಮೆ ಥಿನ್ನರ್ ಮುಟ್ಟಲು ಧೈರ್ಯವಿರಲಿಲ್ಲ.

ಕೆಳಗೆ ಬರಿ ಬೂದಿ ಬಣ್ಣದ ತಗಡು ಇರುತ್ತದೆ ಅಂದುಕೊಂಡಿದ್ದೆ. ಕಿಟಕಿ ಹತ್ತಿರ ತಂದು ಓರೆಯಾಗಿ ಹಿಡಿದರೆ ಅಂಕಿ ಕಂಡವು! ಮೂವತ್ತು ವರ್ಷದ ಬಿಸಿಲಿಗೆ ಕಪ್ಪು ಬಣ್ಣ ಬೂದಿಯಾಗಿತ್ತು. ಬಿಳಿ ಅಂಕಿಗಳ ಅಡಿಯಲ್ಲಿದ್ದ ಕಪ್ಪಿಗೆ ಮಾತ್ರ ಬಿಸಿಲು ತಾಗಿರಲಿಲ್ಲ. ಬಿಳಿ ಹೋದ ಮೇಲೆ ಅಲ್ಲಿ ಕಡುಕಪ್ಪು ಅಂಕಿ ಉಳಿದಿತ್ತು. 20, 40, 60, ನಡುವಿನ ಸಣ್ಣ ಗೆರೆಗಳೂ ಇದ್ದವು. ಎಡಗಡೆ ಬಟ್ಟೆ ಜೋರಾಗಿ ಉಜ್ಜಿದ ಕಡೆ ಮಾತ್ರ ಎರಡು ಗೆರೆ ಕಾಣೆ. ಆ ಡಯಲನ್ನು ಹತ್ತು ನಿಮಿಷ ಹಾಗೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದೆ. ಚಹಾ ಆರಿತು.

ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಗೆರೆ ಎಳೆದು, ಕಾಗದದ ಮೇಲೆ ಪ್ರಿಂಟ್ ತೆಗೆಸಿದೆ. ತಂದು ಅಳೆಯುವ ವರ್ನಿಯರ್ ಹಿಡಿದರೆ, 80 ಮಿ.ಮೀ. ಇರಬೇಕಾದ ಡಯಲ್ 77 ಮಾತ್ರ ಇತ್ತು. ಝೆರಾಕ್ಸ್ ಅಂಗಡಿಯ ಹುಡುಗ ಚಿತ್ರವನ್ನು ಹಾಳೆಗೆ ಹೊಂದಿಸುವ 'ಫಿಟ್ ಟು ಪೇಜ್' ಒತ್ತಿದ್ದ. ಪ್ರಿಂಟ್ ಅಳೆಯದೆ ಮುಂದೆ ಹೋಗಿದ್ದರೆ ತಗಡು ದಂಡ.

ನೇಮ್‌ಪ್ಲೇಟ್ ಮಾಡುವವರು

ಡಯಲ್ ಎಲ್ಲಿ ಮಾಡಿಸುವುದು? ಫ್ಲೆಕ್ಸ್ ಅಂಗಡಿಗೆ ಹೋದರೆ ಮತ್ತೆ ಸ್ಟಿಕ್ಕರೇ ಸಿಗುತ್ತದೆ. ಕೊಲ್ಹಾಪುರಕ್ಕೆ ಹೋಗಿ ಕೇಳು ಅಂದರು ಕೆಲವರು. ಉತ್ತರ ನನ್ನ ಕಣ್ಣ ಮುಂದೇ ಇತ್ತು, ದಿನಾ ನೋಡುವ ವಸ್ತು ಆದ್ದರಿಂದ ಹೊಳೆದಿರಲಿಲ್ಲ. ಪಂಪು, ಮೋಟಾರು, ಮಷಿನ್ ಮೇಲೆ ಕಂಪನಿ ಹೆಸರು, ಎಚ್‌ಪಿ, ಆರ್‌ಪಿಎಂ ಬರೆದ ಅಲ್ಯೂಮಿನಿಯಂ ತಗಡು ಇರುತ್ತದಲ್ಲ? ಡಯಲಿನಂತೆ ಅದೂ ಸ್ಕ್ರೀನ್ ಪ್ರಿಂಟಿಂಗೇ, ಅಂದರೆ ಜಾಲರಿ ಪರದೆಯ ಮೂಲಕ ಇಂಕು ಒತ್ತುವುದು. ಎಣ್ಣೆ, ಬಿಸಿಲು, ಒರೆಸುವ ಬಟ್ಟೆ ಎಲ್ಲ ತಡೆಯುವ ಇಂಕು. ಕಾರ್ಖಾನೆಗಳ ಊರಿನಲ್ಲಿ ಅದನ್ನು ಮಾಡುವವರು ಇದ್ದೇ ಇರುತ್ತಾರೆ. ನಮ್ಮ ಶಾಪಿಗೆ ಮಾಡಿಕೊಡುವವರನ್ನೇ ಕೇಳಿದೆ. "ಒಂದ ಪೀಸಿಗೆ ಸ್ಕ್ರೀನ್ ಮಾಡಬೇಕೇನ್ರಿ?" ಅಂತ ನಕ್ಕರು. ಮಾಡಿಕೊಟ್ಟರು.

ಮೊದಲ ತಗಡು ಕೆಟ್ಟಿತು, ತಪ್ಪು ನನ್ನದು. ದಪ್ಪ ಎಷ್ಟು ಅಂತ ಹೇಳಿರಲಿಲ್ಲ. ಅವರು ನೇಮ್‌ಪ್ಲೇಟಿನ 0.8 ಮಿ.ಮೀ. ತಗಡಿನಲ್ಲೇ ಮಾಡಿದರು. ನಮ್ಮ ಹಳೆಯದು 0.5. ಈ ಕೂದಲೆಳೆಯ ವ್ಯತ್ಯಾಸಕ್ಕೆ ಮುಳ್ಳು ಮತ್ತೆ ಡಯಲಿಗೆ ಸವರಿತು, ಸ್ಟಿಕ್ಕರಿನ ಕಥೆಯೇ. ಮೇಲಾಗಿ ಕಪ್ಪು ಹೊಳೆಯುತ್ತಿತ್ತು. ಬಿಸಿಲಿಗೆ ಹಿಡಿದರೆ ಅಂಕಿಯ ಬದಲು ನನ್ನ ಮೂಗು ಕಾಣುತ್ತಿತ್ತು.

ಎರಡನೆಯದಕ್ಕೆ 0.5 ತಗಡು, ಹೊಳಪಿಲ್ಲದ ಕಪ್ಪು. ಬಿಳಿ ಇಂಕಿಗೆ ಒಂದು ಹನಿ ಹಳದಿ ಹಾಕಿಸಿದೆ. ಪಕ್ಕದ ಆಮ್‌ಮೀಟರಿನ ಅಂಕಿಗಳು ಕೆನೆ ಬಣ್ಣಕ್ಕೆ ತಿರುಗಿದ್ದವು, ಅದರ ಪಕ್ಕ ಹಾಲುಬಿಳುಪು ಕಣ್ಣಿಗೆ ಚುಚ್ಚುತ್ತಿತ್ತು. ಆಮ್‌ಮೀಟರನ್ನೂ ಬಿಚ್ಚಿ ಹೊಸ ಡಯಲ್ ಹಾಕು ಅಂತ ಮಗ ಹಟ ಹಿಡಿದ. ಒಪ್ಪಲಿಲ್ಲ. ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ಕೆಲಸ ಮಾಡುವುದನ್ನು ಚೆಂದಕ್ಕಾಗಿ ಬಿಚ್ಚಿದ್ದರಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು?

ಲೇತಿನ ಮೇಲೆ ಮೀಟರು

ಈಗ ಮುಳ್ಳು. ಎಲ್ಲಿ ಕೂರಿಸುವುದು? ಸೊನ್ನೆಗೆ ಕೂರಿಸಿದರೆ ಹಳೆಯ ತಪ್ಪೇ. ಗೊತ್ತಿರುವ ಒಂದು ವೇಗದಲ್ಲಿ ಮೀಟರನ್ನು ತಿರುಗಿಸಿ, ಆ ಅಂಕಿಯ ಮೇಲೆ ಕೂರಿಸಬೇಕು.

ಅದಕ್ಕೆ ಮೊದಲು ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ಅಂತ ತಿಳಿಯಬೇಕು. ಕೇಬಲಿನ ಮೇಲಿನ ತುದಿಗೆ ಟೇಪಿನ ಪುಟ್ಟ ಬಾವುಟ ಕಟ್ಟಿದೆ. ಟೈರಿಗೆ ಸೀಮೆಸುಣ್ಣದ ಗುರುತು. ಯಜಮಾನರನ್ನು ಸೀಟಿನ ಮೇಲೆ ಕೂರಿಸಿದೆ. ಭಾರ ಬಿದ್ದಾಗ ಟೈರು ತುಸು ಒತ್ತಿಕೊಳ್ಳುತ್ತದೆ, ಖಾಲಿ ಗಾಡಿಯ ಅಳತೆ ಬೇರೆ ಬರುತ್ತದೆ. ಮಗ ಹಿಂದಿನಿಂದ ನೂಕಿದ, ನಾನು ಬಾವುಟ ಎಣಿಸಿದೆ. ಓಣಿಯ ಮಂದಿಗೆಲ್ಲ ಪುಕ್ಕಟೆ ಮಜಾ. ಚಕ್ರ 20 ಸುತ್ತಿಗೆ ಕೇಬಲ್ 41 ಸುತ್ತು. ನೆಲದ ಮೇಲೆ ಟೇಪು ಹಿಡಿದರೆ 40.6 ಮೀಟರ್. ಅಂದರೆ ಕಿಲೋಮೀಟರಿಗೆ ಹೆಚ್ಚು ಕಡಿಮೆ 1000 ಸುತ್ತು.

ಲೆಕ್ಕ ಹಗುರಾಯಿತು. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಒಂದು ಕಿ.ಮೀ., ಅಂದರೆ ನಿಮಿಷಕ್ಕೆ 1000 ಸುತ್ತು. 30ಕ್ಕೆ 500, 90ಕ್ಕೆ 1500.

ಶಾಪಿನ ಮಾಲೀಕರ ಅಪ್ಪಣೆ ಪಡೆದು, ಡ್ಯೂಟಿ ಮುಗಿದ ಮೇಲೆ ಅಲ್ಲಿನ ಲೇತಿನ ಚಕ್‌ಗೆ, ಅಂದರೆ ವಸ್ತುವನ್ನು ಕಚ್ಚಿ ಹಿಡಿದು ತಿರುಗುವ ಭಾಗಕ್ಕೆ, ಹಳೆಯ ಕೇಬಲಿನ ಒಂದು ತುಂಡು ಹಿಡಿಸಿದೆ. ಮೊದಲ ಸಲ, ನೋಡಲೆಂದು ಸುಮ್ನೆ ಇಟ್ಟ ಮುಳ್ಳು ಮುಂದೆ ಹೋಗಲೇ ಇಲ್ಲ, ತಡೆಗಡ್ಡಿಗೆ ಇನ್ನೂ ಒತ್ತಿಕೊಂಡಿತು. ಲೇತು ಉಲ್ಟಾ ತಿರುಗುತ್ತಿತ್ತು! ದಿಕ್ಕು ಬದಲಿಸಿ, ನಿಮಿಷದ ಸುತ್ತು ತೋರಿಸುವ ಕೈಯ ಟ್ಯಾಕೋಮೀಟರಿನಲ್ಲಿ 1000ಕ್ಕೆ ಹತ್ತಿರ ತಂದು, ಮುಳ್ಳನ್ನು ಹಗುರವಾಗಿ 60ರ ಮೇಲೆ ಇಟ್ಟೆ. ನಿಲ್ಲಿಸಿ ಒಂದಿಷ್ಟೇ ಒತ್ತಿದೆ. ಜಾಸ್ತಿ ಒತ್ತಿದರೆ ಕೆಳಗಿನ ಬೇರಿಂಗಿಗೆ ಪೆಟ್ಟು.

ಆಮೇಲೆ 500ರಲ್ಲಿ ನೋಡಿದೆ: 31. 1500ರಲ್ಲಿ: 88. ಇದನ್ನು ಒಪ್ಪಿಕೊಂಡೆ. ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ತೀರಾ ದೂರ ಹೋಗಿದ್ದರೆ ಅದು ಮುಳ್ಳಿನ ದೋಷವಲ್ಲ, ಸ್ಪ್ರಿಂಗಿನದೋ ಆಯಸ್ಕಾಂತದ್ದೋ. ಅದನ್ನು ಮುಳ್ಳು ತಿರುವಿ ಸರಿ ಮಾಡಲು ಹೋಗಬಾರದು. 90ರಲ್ಲಿ ಎರಡು ಕಡಿಮೆ ತೋರಿಸಿದರೆ ಏನಾಯ್ತು, ಯಜಮಾನರು 70 ದಾಟುವವರಲ್ಲ.

ಮುಳ್ಳಿನ ನಡುಗುಂಡಿ ಸ್ವಲ್ಪ ಸೀಳಿತ್ತು. ಫೆವಿಕ್ವಿಕ್ ಹಾಕು ಅಂದರು ಯಾರೋ. ಅದು ಕೆಳಗೆ ಹರಿದರೆ ಮೀಟರೇ ಹಿಡಿದುಕೊಳ್ಳುತ್ತದೆ, ಅದರ ಆವಿ ಗಾಜಿಗೆ ಬಿಳಿ ಪರೆ ಹಿಡಿಸುತ್ತದೆ. ಹೆಂಡತಿಯ ನೇಲ್ ಪಾಲಿಶ್ ಒಂದು ಚುಕ್ಕೆ ಸಾಕಾಯಿತು.

ಮುಚ್ಚುವ ಮೊದಲು

ಮಂಜು ಹಿಡಿಯುವ ಮೂಲ ಹುಡುಕದೆ ಮುಚ್ಚಿದರೆ ಹೊಸ ಡಯಲೂ ಹಳೆಯದರ ದಾರಿ ಹಿಡಿಯುತ್ತದೆ. ಗಾಜಿನ ಸುತ್ತಿನ ರಬ್ಬರ್ ಕಲ್ಲಾಗಿತ್ತು. ಬಲ್ಬ್ ಹೋಲ್ಡರಿನ ರಬ್ಬರೂ ಬಿರುಕು. ಎರಡನ್ನೂ ಬದಲಿಸಿದೆ. ಸೀಳಿದ ರಿಂಗಿಗೆ ಸಂದು ಮುಚ್ಚುವ ಸಿಲಿಕೋನ್ ಹಚ್ಚುವಾಗ ಒಂದು ಎಚ್ಚರ: ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಒಣಗುವಾಗ ಆಮ್ಲ ಬಿಡುತ್ತದೆ, ಒಳಗಿನ ಲೋಹಕ್ಕೆ ತುಕ್ಕು. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಸಿಗುತ್ತದೆ.

ಅಷ್ಟರಲ್ಲಿ ಜುಲೈ. ಹೊರಗೆ ಜಿಟಿಜಿಟಿ ಮಳೆ. ಆ ಗಾಳಿಯನ್ನೇ ಒಳಗೆ ಮುಚ್ಚಿದರೆ ಮತ್ತೆ ಮಂಜು. ಮೂರು ದಿನ ಟೇಬಲ್ ಲ್ಯಾಂಪಿನ ಕೆಳಗೆ ತೆರೆದೇ ಇಟ್ಟಿದ್ದೆ. ನಾಲ್ಕನೇ ದಿನ ಮಧ್ಯಾಹ್ನ ಬಿಸಿಲು ಬಿತ್ತು. ಊಟ ಅರ್ಧಕ್ಕೆ ಬಿಟ್ಟು ಮುಚ್ಚಿದೆ.

ರಸ್ತೆಯ ಮೇಲೆ

ಸಾಂಬ್ರಾ ದಾಟಿ ನೇಸರಗಿ ಕಡೆ ಹೋದೆವು. ಯಾಕಂದರೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮೀಟರು ನೋಡುತ್ತ ಕೂರುವ ಹಾಗಿಲ್ಲ. ಯಜಮಾನರು ಓಡಿಸಿದರು, ನಾನು ಹಿಂದೆ ಕೂತು ಗಡಿಯಾರ ಹಿಡಿದೆ. ಮುಳ್ಳು 60ರ ಮೇಲೆ ನಿಲ್ಲಿಸಿ, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ: 62 ಸೆಕೆಂಡ್. ಮತ್ತೆ 61. ಮತ್ತೆ 62. ಅಂದರೆ ನಿಜವಾದ ವೇಗ 58ರಿಂದ 59. ಫೋನೂ ಅದನ್ನೇ ಹೇಳಿತು. ಮೀಟರು ಒಂದೆರಡು ಹೆಚ್ಚು ತೋರಿಸಿದರೆ ಒಳ್ಳೆಯದೇ, ಕಡಿಮೆ ತೋರಿಸಬಾರದು.

ಖರ್ಚು? ಪ್ರಿಂಟಿಗಿಂತ ನಾನು ಅಡ್ಡಾಡಿದ ಪೆಟ್ರೋಲೇ ಜಾಸ್ತಿ. ಹೊತ್ತು ಮಾತ್ರ ಐದು ರವಿವಾರ ಹಿಡಿಯಿತು.

ಆ ಮಳೆಗಾಲ ಗಾಜು ಮಂಜು ಹಿಡಿಯಲಿಲ್ಲ. ಆದರೆ 20ರಿಂದ 30ರ ನಡುವೆ ಮುಳ್ಳು ಇನ್ನೂ ನಡುಗುತ್ತದೆ. ಅದು ಡಯಲಿನ ದೋಷವಲ್ಲ, ಕೇಬಲ್ ಹ್ಯಾಂಡಲಿನ ಹತ್ತಿರ ಒಂದು ಕಡೆ ಬಿಗಿಯಾಗಿ ಬಾಗಿದೆ. ಗ್ರೀಸ್ ಹಚ್ಚಿಬಿಡಲೇನ್ರಿ ಅಂತ ಮಗ ಫೋನ್ ಮಾಡಿದ್ದ. ಕೆಳಗಿನ ಭಾಗಕ್ಕಷ್ಟೇ ಹಚ್ಚು, ಮೇಲಿನ ಒಂದು ಗೇಣು ಒಣಗೇ ಇರಲಿ, ಇಲ್ಲದಿದ್ದರೆ ಗ್ರೀಸ್ ತಿರುಗುತ್ತ ಮೇಲೇರಿ ಮೀಟರಿನೊಳಗೆ ಹೋಗುತ್ತದೆ ಅಂದೆ. ಹೊಸ ಕೇಬಲ್ ತಂದಿಟ್ಟಿದ್ದಾನಂತೆ. ಹಾಕುವುದು ಬಾಕಿ. ಈ ಸಲ ತಾನೇ ಬಿಚ್ಚುವುದಿಲ್ಲ, ರವಿವಾರ ಬರುತ್ತೇನೆ ಅಂದಿದ್ದಾನೆ.